ಚಾವಣಿಯ ಮೇಲಿನ ಸಾಮಾನು ಮತ್ತು ಗಾಳಿಯ ಗದ್ದಲ: ಓದುಗರ ಪ್ರಶ್ನೆಗಳಿಗೆ ಉತ್ತರ

ವಾಹನದ ಚಾವಣಿಗೆ ಕ್ಯಾರಿಯರ್ ಹಾಕಿಸಿದವರು ಮತ್ತು ಅದರ ಮೇಲೆ ಸಾಮಾನು ಕಟ್ಟಿಕೊಂಡು ದೂರದ ಊರುಗಳಿಗೆ ಹೊರಡುವವರು ಬರೆದ ಪತ್ರಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಹೆಚ್ಚಿನವರು ಸದ್ದಿನ ದೂರನ್ನೂ ಮೈಲೇಜಿನ ದೂರನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ಎರಡಕ್ಕೂ ಗಾಳಿಯೇ ಕಾರಣವಾದರೂ ಎರಡರ ಮದ್ದು ಒಂದೇ ಅಲ್ಲ. ಸದ್ದನ್ನು ಅಡಗಿಸುವ ಕೆಲವು ಉಪಾಯಗಳು ಇಂಧನವನ್ನು ಒಂದು ತೊಟ್ಟೂ ಉಳಿಸುವುದಿಲ್ಲ. ಹೀಗಾಗಿ ಪ್ರತಿ ಉತ್ತರದಲ್ಲಿಯೂ ಎರಡನ್ನೂ ಬೇರೆಬೇರೆಯಾಗಿ ನೋಡಿದ್ದೇವೆ.

ಪ್ರಶ್ನೆ: ನಮ್ಮ ಕಾರಿಗೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಒಂದಿಂಚಿನ ದುಂಡು ಪೈಪುಗಳಿಂದ ಕ್ಯಾರಿಯರ್ ಮಾಡಿಸಿದ್ದೇವೆ. ಖಾಲಿ ಇದ್ದಾಗ ವೇಗ 70 ದಾಟುತ್ತಿದ್ದಂತೆ ‘ಊಂ’ ಎಂದು ಗುಂಯ್‌ಗುಡಲು ತೊಡಗುತ್ತದೆ, 85ರ ಹೊತ್ತಿಗೆ ಬಹುಮಟ್ಟಿಗೆ ತಗ್ಗುತ್ತದೆ. ಸಾಮಾನು ಹೇರಿದರೆ ಸದ್ದೇ ಇರುವುದಿಲ್ಲ. ಬೋಲ್ಟುಗಳನ್ನೆಲ್ಲ ಬಿಗಿ ಮಾಡಿಸಿದರೂ ಪ್ರಯೋಜನವಾಗಲಿಲ್ಲ. ಇದಕ್ಕೆ ಕಾರಣವೇನು? (ಓದುಗರೊಬ್ಬರು, ತಿಪಟೂರು)

ಉತ್ತರ: ನಿಮ್ಮ ಬೋಲ್ಟುಗಳಲ್ಲಿ ದೋಷವಿಲ್ಲ. ದುಂಡನೆಯ ಪೈಪಿಗೆ ಅಡ್ಡಲಾಗಿ ಗಾಳಿ ಬೀಸಿದಾಗ ಅದರ ಹಿಂಬದಿಯಲ್ಲಿ ಮೇಲೊಂದು, ಕೆಳಗೊಂದು ಎಂಬಂತೆ ಸುಳಿಗಳು ಸರದಿಯ ಪ್ರಕಾರ ಕಳಚಿಕೊಳ್ಳುತ್ತವೆ. ಪ್ರತಿ ಸುಳಿ ಕಳಚುವಾಗಲೂ ಪೈಪನ್ನು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ತುಸುವೇ ಎಳೆಯುವುದರಿಂದ ಗಾಳಿಯ ಒತ್ತಡ ಲಯಬದ್ಧವಾಗಿ ಏರಿಳಿದು ಸ್ವರವಾಗಿ ಕೇಳಿಸುತ್ತದೆ. ಈ ಸ್ವರಕ್ಕೂ ಗಾಳಿಯ ವೇಗಕ್ಕೂ ಪೈಪಿನ ದಪ್ಪಕ್ಕೂ ಇರುವ ಸಂಬಂಧವನ್ನು 1878ರಲ್ಲಿ ಝೆಕ್ ಭೌತವಿಜ್ಞಾನಿ ವಿನ್ಸೆಂಟ್ಸ್ ಸ್ಟ್ರೌಹಾಲ್ ಅಳೆದು ತೋರಿಸಿದರು. ಲೆಕ್ಕ ಬಹಳ ಸರಳ: ಗಾಳಿಯ ವೇಗವನ್ನು ಪೈಪಿನ ವ್ಯಾಸದಿಂದ ಭಾಗಿಸಿ 0.2ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬುದು ಸಿಗುತ್ತದೆ. 25 ಮಿಲಿಮೀಟರ್ ಪೈಪಿಗೆ ಗಂಟೆಗೆ 80 ಕಿ.ಮೀ. ವೇಗದಲ್ಲಿ ಇದು ಸುಮಾರು 180 ಆಗುತ್ತದೆ. ವಿಂಡ್‌ಶೀಲ್ಡನ್ನು ಹತ್ತಿ ಚಾವಣಿಯ ಮೇಲೆ ಹರಿಯುವ ಗಾಳಿ ಕಾರಿಗಿಂತ ತುಸು ಹೆಚ್ಚು ವೇಗವಾಗಿ ಓಡುವುದರಿಂದ ನಿಮಗೆ ಕೇಳಿಸುವ ಸ್ವರ ಇನ್ನಷ್ಟು ಮೇಲಿರಬಹುದು.

ಹಾಗಾದರೆ 70ರಿಂದ 85ರ ನಡುವೆ ಮಾತ್ರ ಏಕೆ? ಪೈಪಿಗೂ ಅದನ್ನು ಹೊತ್ತ ತಗಡಿನ ಚಾವಣಿಗೂ ತಮ್ಮದೇ ಆದ ಸಹಜ ಕಂಪನವಿರುತ್ತದೆ. ಸುಳಿಗಳ ಲಯ ಅದಕ್ಕೆ ಹೊಂದಿಕೊಂಡ ಕೂಡಲೇ ಸಣ್ಣ ಸದ್ದು ದೊಡ್ಡದಾಗುತ್ತದೆ, ವೇಗ ಇನ್ನೂ ಏರಿದಾಗ ಹೊಂದಾಣಿಕೆ ತಪ್ಪಿ ಸದ್ದು ಇಳಿಯುತ್ತದೆ. ಸಾಮಾನು ಹೇರಿದಾಗ ಪೈಪುಗಳು ಅದರ ಮರೆಗೆ ಬರುತ್ತವೆ. ಚೀಲಗಳ ಭಾರವೂ ಮೆತ್ತನೆಯ ಮೈಯೂ ಕಂಪನವನ್ನು ಹೀರಿಕೊಳ್ಳುತ್ತವೆ.

ಪರಿಹಾರ ಅಗ್ಗದ್ದು. ಐದಾರು ಮಿಲಿಮೀಟರ್ ದಪ್ಪದ ನೈಲಾನ್ ಹಗ್ಗವನ್ನು ಮುಂದಿನ ಅಡ್ಡಪೈಪಿಗೆ ಸುರುಳಿಯಾಗಿ, ಒಂದು ಸುತ್ತಿಗೂ ಇನ್ನೊಂದಕ್ಕೂ ಹನ್ನೆರಡು ಸೆಂಟಿಮೀಟರಿನಷ್ಟು ಅಂತರ ಬಿಟ್ಟು ಎಳೆದು ಸುತ್ತಿ, ಎರಡೂ ತುದಿಗಳನ್ನು ಬಿಸಿಲಿಗೆ ಬಾಡದ ಪ್ಲಾಸ್ಟಿಕ್ ಟೈನಿಂದ ಬಿಗಿಯಿರಿ. ಹಗ್ಗವನ್ನು ಒತ್ತೊತ್ತಾಗಿ ಸುತ್ತಿದರೆ ಪೈಪು ದಪ್ಪವಾಗುವುದಷ್ಟೇ ಹೊರತು ಬೇರೇನೂ ಆಗದು. ಸುರುಳಿಯ ನಡುವೆ ಬರಿಯ ಪೈಪು ಕಾಣುತ್ತಿರಬೇಕು. ಹೀಗೆ ಮಾಡಿದಾಗ ಪೈಪಿನ ಉದ್ದಕ್ಕೂ ಸುಳಿಗಳು ಒಂದೇ ಕ್ಷಣದಲ್ಲಿ ಕಳಚದೆ ಒಂದೊಂದು ಕಡೆ ಒಂದೊಂದು ಹೊತ್ತಿಗೆ ಕಳಚುವುದರಿಂದ ಸ್ವರ ಕಟ್ಟುವುದಿಲ್ಲ. ಕಾರ್ಖಾನೆಗಳ ಎತ್ತರದ ಉಕ್ಕಿನ ಚಿಮಣಿಗಳ ತುದಿಗೆ ತಿರುಪಿನಂತೆ ಸುತ್ತಿದ ಪಟ್ಟಿಗಳನ್ನು ನೀವು ನೋಡಿರಬಹುದು. ಇಂಗ್ಲೆಂಡಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಕ್ರಿಸ್ಟಫರ್ ಸ್ಕ್ರೂಟನ್ 1950ರ ದಶಕದಲ್ಲಿ ರೂಪಿಸಿದ ಉಪಾಯವದು. ಅಲ್ಲಿ ಮೂರು ಪಟ್ಟಿಗಳನ್ನು ಪೈಪಿನ ವ್ಯಾಸದ ಸುಮಾರು ಐದು ಪಟ್ಟು ಅಂತರದಲ್ಲಿ ಸುತ್ತುತ್ತಾರೆ. ಕಾರಿನ ಆಂಟೆನಾಗೆ ಮಾತ್ರ ಒಂದೇ ಎಳೆ ಸುತ್ತಿರುತ್ತಾರೆ. ನೀವೂ ಮೊದಲು ಒಂದೆಳೆ ಸುತ್ತಿ ನೋಡಿ, ಸಾಲದಿದ್ದರೆ ಇನ್ನೆರಡು ಸೇರಿಸಿ.

ಇದರೊಂದಿಗೆ ಪೈಪುಗಳ ತೆರೆದ ತುದಿಗಳಿಗೆ ರಬ್ಬರ್ ಬಿರಡೆ ಹಾಕಿಸಿ. ವೆಲ್ಡಿಂಗ್ ಅಂಗಡಿಯವರು ಬಿಟ್ಟೇಬಿಡುವ ಕೆಲಸವಿದು. ಕ್ಯಾರಿಯರ್ ಕಾಲುಗಳ ಕೆಳಗೆ ದಪ್ಪ ರಬ್ಬರ್ ತುಂಡುಗಳನ್ನಿಟ್ಟರೆ ಉಳಿದ ಕಂಪನ ತಗಡಿಗೆ ಇಳಿಯುವುದು ಕಡಿಮೆಯಾಗುತ್ತದೆ. ಆದರೆ ಒಂದು ಮಾತು: ಹಗ್ಗ ಸುತ್ತಿದ ಪೈಪು ಗಾಳಿಗೆ ಒಡ್ಡುವ ತಡೆ ಬರಿಯ ಪೈಪಿಗಿಂತ ಕಡಿಮೆಯಲ್ಲ, ತುಸು ಹೆಚ್ಚೇ. ಈ ಹಗ್ಗದಿಂದ ಕಿವಿಗೆ ನೆಮ್ಮದಿ ಸಿಗುತ್ತದೆ, ಟ್ಯಾಂಕಿಗೆ ಏನೂ ಸಿಗುವುದಿಲ್ಲ.

ಪ್ರಶ್ನೆ: ವರ್ಷಕ್ಕೆ ಎರಡು ಮೂರು ಬಾರಿ ಬಳಸುವ ಕ್ಯಾರಿಯರ್ ನನ್ನ ಕಾರಿನ ಮೇಲೆ ಸದಾ ಇರುತ್ತದೆ. ಮುಂಭಾಗಕ್ಕೆ ಓರೆಯಾದ ಗಾಳಿತಡೆ ಹಲಗೆಯೊಂದನ್ನು ಹಾಕಿಸಿದರೆ ಮೈಲೇಜ್ ಸುಧಾರಿಸುತ್ತದೆ ಎಂದು ಬಿಡಿಭಾಗಗಳ ಅಂಗಡಿಯಲ್ಲಿ ಹೇಳಿದರು. ಹಾಕಿಸಬಹುದೇ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಹಲಗೆಗೆ ಕೊಡುವ ಹಣವನ್ನು ಉಳಿಸಿಕೊಂಡು ಕ್ಯಾರಿಯರ್ ಬಿಚ್ಚಿಡುವ ಸ್ಪ್ಯಾನರ್ ಒಂದನ್ನು ಕೊಳ್ಳಿ.

ದುಂಡು ಪೈಪಿನ ಹಿಂದೆ ಏಳುವ ಕದಡಿದ ಗಾಳಿ ಎಷ್ಟು ದೊಡ್ಡದೆಂದರೆ, ಹತ್ತು ಪಟ್ಟು ದಪ್ಪವಿರುವ, ಆದರೆ ವಿಮಾನದ ರೆಕ್ಕೆಯ ಆಕಾರದಲ್ಲಿರುವ ವಸ್ತುವಿಗೂ ದುಂಡು ಪೈಪಿಗೂ ಗಾಳಿಯ ತಡೆ ಹೆಚ್ಚುಕಡಿಮೆ ಒಂದೇ. ಚೌಕ ಪೈಪಿನದು ಇನ್ನೂ ಹೆಚ್ಚು. ಅಂತಹ ಪೈಪುಗಳು ಏಳೆಂಟಿರುವ ಬುಟ್ಟಿಯಾಕಾರದ ಕ್ಯಾರಿಯರ್ ಖಾಲಿಯಿದ್ದರೂ ಕಾರನ್ನು ಹಿಂದಕ್ಕೆ ಹಿಡಿದೆಳೆಯುತ್ತಲೇ ಇರುತ್ತದೆ. ಇದನ್ನೇ ದೇಶದ ಮಟ್ಟದಲ್ಲಿ ಲೆಕ್ಕ ಹಾಕಿದವರಿದ್ದಾರೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಅಲನ್ ಮೈಯರ್ ಮತ್ತು ಅವರ ಸಹಲೇಖಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದ ಹಗುರ ವಾಹನಗಳು ಸುಡುವ ಇಂಧನದಲ್ಲಿ ಹತ್ತಿರಹತ್ತಿರ ಶೇ. 1ರಷ್ಟು ಚಾವಣಿಯ ಕ್ಯಾರಿಯರುಗಳ ಪಾಲಾಗುತ್ತಿತ್ತು. ಅದರಲ್ಲಿ ಗಣನೀಯ ಭಾಗ ಖಾಲಿ ಕ್ಯಾರಿಯರುಗಳನ್ನು ಸುಮ್ಮನೆ ಹೊತ್ತು ತಿರುಗುವುದಕ್ಕೇ ಖರ್ಚಾಗುತ್ತಿತ್ತು.

ಓರೆ ಹಲಗೆಯ ವಿಚಾರಕ್ಕೆ ಬರುವುದಾದರೆ, ಅದು ಮೂಲತಃ ಸದ್ದಿನ ಮದ್ದು. ಗಾಳಿಯನ್ನು ಮುಂದಿನ ಪೈಪಿನ ಮೇಲಿಂದ ಹಾಯಿಸಿ ಗುಂಯ್‌ಗುಡುವುದನ್ನು ಚೆನ್ನಾಗಿಯೇ ತಗ್ಗಿಸುತ್ತದೆ. ಆದರೆ ಹಲಗೆಗೆ ತನ್ನದೇ ಆದ ಮುಖವಿದೆ, ಆ ಮುಖಕ್ಕೂ ಗಾಳಿ ಬಡಿಯುತ್ತದೆ. ಖಾಲಿ ಕ್ಯಾರಿಯರಿನ ಮುಂದೆ ಅದರಿಂದ ಇಂಧನ ಉಳಿದರೂ ನಗಣ್ಯ, ಕೆಲವೊಮ್ಮೆ ನಷ್ಟವೇ ಆಗಬಹುದು. ಲಾರಿಗಳ ಕ್ಯಾಬಿನ್ ಮೇಲಿನ ಗಾಳಿತಡೆ ನಿಜಕ್ಕೂ ಡೀಸೆಲ್ ಉಳಿಸುತ್ತದೆಯಲ್ಲ ಎಂದು ನೀವು ಕೇಳಬಹುದು. ಅಲ್ಲಿ ಕ್ಯಾಬಿನ್ನಿಗಿಂತ ಬಹಳ ಎತ್ತರದ ಚಪ್ಪಟೆ ಮುಖದ ಪೆಟ್ಟಿಗೆ ಹಿಂದಿರುತ್ತದೆ, ತಡೆಯ ಎತ್ತರವನ್ನು ಆ ಪೆಟ್ಟಿಗೆಗೆ ಹೊಂದಿಸಿಯೇ ಮಾಡಿರುತ್ತಾರೆ. ನಿಮ್ಮ ಕಾರಿನ ಮೇಲೆ ಅಂತಹ ಪೆಟ್ಟಿಗೆ ಇಲ್ಲ.

ಒಂದು ವೇಳೆ ಸಾಮಾನು ಸದಾ ಇರುವ ವಾಹನವಾಗಿದ್ದು ಹಲಗೆ ಹಾಕಿಸುವುದೇ ಆದರೆ, ಕೆಳ ಅಂಚು ಚಾವಣಿಗೆ ತೀರಾ ಹತ್ತಿರವಿರಲಿ, ಅಂಚಿಗೆ ರಬ್ಬರ್ ಪಟ್ಟಿ ಇರಲಿ, ಹಲಗೆ ಹಿಂದಕ್ಕೆ ಚೆನ್ನಾಗಿ ಒರಗಿರಲಿ. ಸಡಿಲವಾಗಿ ನೇತಾಡುವ ಹಲಗೆಯ ಸದ್ದು ಪೈಪಿನ ಸದ್ದಿಗಿಂತ ಕರ್ಕಶ.

ಪ್ರಶ್ನೆ: ನಾನು ಬಾಡಿಗೆ ವಾಹನ ಓಡಿಸುತ್ತೇನೆ. ಶಬರಿಮಲೆ ಸೀಸನ್ನಿನಲ್ಲಿ ಎಂಟು ಹತ್ತು ಜನರ ಬ್ಯಾಗು, ಪಾತ್ರೆ, ಗ್ಯಾಸ್ ಒಲೆ, ಹಾಸಿಗೆ ಎಲ್ಲವನ್ನೂ ಮೇಲೆ ಹೇರಿ ತಾಡಪಾಲು ಕಟ್ಟುತ್ತೇವೆ. ಹೆದ್ದಾರಿಗೆ ಬಂದ ಮೇಲೆ ತಾಡಪಾಲು ಪಟಪಟ ಹೊಡೆದುಕೊಳ್ಳುತ್ತದೆ, ಬೆಲ್ಟುಗಳು ಬುರ್ರ್ ಎನ್ನುತ್ತವೆ, ಒಳಗೆ ಮಲಗಿದವರಿಗೆ ನಿದ್ದೆಯಿಲ್ಲ. ಕಟ್ಟುವ ಸರಿಯಾದ ಕ್ರಮ ತಿಳಿಸಿ. (ಓದುಗರೊಬ್ಬರು, ಚಿತ್ರದುರ್ಗ)

ಉತ್ತರ: ಗಂಟುಗಳಿಗಿಂತ ಮುಂಚೆ ಜೋಡಣೆಯನ್ನು ನೋಡೋಣ, ಏಕೆಂದರೆ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ. ಗಾಳಿಗೆ ಮುಖ್ಯವಾಗಿ ಲೆಕ್ಕಕ್ಕೆ ಬರುವುದು ಹೊರೆಯ ಮುಂದಿನ ಮುಖದ ಅಗಲ ಮತ್ತು ಎತ್ತರ. ಉದ್ದ ಎಷ್ಟಿದೆ ಎಂಬುದು ಅಷ್ಟಾಗಿ ಬಾಧಿಸುವುದಿಲ್ಲ. ಆದ್ದರಿಂದ ಮುಂಭಾಗದಲ್ಲಿ ರಾಶಿ ಹಾಕಿ ಹಿಂದೆ ಖಾಲಿ ಬಿಡುವುದಕ್ಕಿಂತ ಸಾಮಾನನ್ನು ಕ್ಯಾರಿಯರಿನ ಪೂರ್ತಿ ಉದ್ದಕ್ಕೆ ತಗ್ಗಾಗಿ ಹರಡಬೇಕು. ಒಂದು ಮೀಟರ್ ಅಗಲ, ನಲವತ್ತು ಸೆಂಟಿಮೀಟರ್ ಎತ್ತರದ ಚೌಕಾಕಾರದ ಹೊರೆ ಒಡ್ಡುವ ತಡೆ ಸ್ಥೂಲವಾಗಿ ಒಂದು ಸಣ್ಣ ಕಾರು ಇಡಿಯಾಗಿ ಒಡ್ಡುವ ತಡೆಯ ಅರ್ಧದಷ್ಟಿರುತ್ತದೆ. ಅದೇ ಸಾಮಾನನ್ನು ಇಪ್ಪತ್ತು ಸೆಂಟಿಮೀಟರ್ ಎತ್ತರಕ್ಕೆ ಇಳಿಸಿದರೆ ಈ ಹೆಚ್ಚುವರಿ ತಡೆಯೂ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಭಾರವಾದ ಪಾತ್ರೆ ಮತ್ತು ಒಲೆ ವಾಹನದೊಳಗೆ, ಸೀಟಿನ ಕೆಳಗೆ ಇರಲಿ. ಸಿಲಿಂಡರ್ ಇದ್ದರೆ ಅದನ್ನು ಪ್ರಯಾಣಿಕರೊಂದಿಗೆ ಒಯ್ಯುವುದೇ ಬೇಡ. ಮೇಲೆ ಹೋಗಬೇಕಾದದ್ದು ಹಗುರವಾದ ಬಟ್ಟೆಯ ಬ್ಯಾಗುಗಳು ಮಾತ್ರ. ಚಾವಣಿ ಎಷ್ಟು ಭಾರ ತಾಳುತ್ತದೆ ಎಂಬುದು ವಾಹನದ ಕೈಪಿಡಿಯಲ್ಲಿರುತ್ತದೆ. ಆ ಮಿತಿಯಲ್ಲಿ ಕ್ಯಾರಿಯರಿನ ಸ್ವಂತ ತೂಕವೂ ಸೇರಿದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಮುಂಭಾಗದಲ್ಲಿ ಮೆತ್ತನೆಯ, ದುಂಡಗಿನ ಬ್ಯಾಗುಗಳನ್ನೇ ಇಡಿ. ಚೂಪು ಮೂಲೆಯ ಟ್ರಂಕು, ರಟ್ಟಿನ ಪೆಟ್ಟಿಗೆಗಳು ಅವುಗಳ ಹಿಂದೆ ಬರಲಿ. ಮೂಲೆ ದುಂಡಗಾದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಅಮೆರಿಕದ ನಾಸಾ ಸಂಸ್ಥೆಯ ಡ್ರೈಡನ್ ಕೇಂದ್ರದಲ್ಲಿ 1970ರ ದಶಕದಲ್ಲಿ ನಡೆದ ಪ್ರಯೋಗವೊಂದು ಸಾಕ್ಷಿ. ಅಲ್ಲಿನ ಎಂಜಿನಿಯರ್ ಎಡ್ವಿನ್ ಸಾಲ್ಟ್ಸ್‌ಮನ್ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವಾಗ ಪಕ್ಕದಲ್ಲಿ ಹಾದುಹೋಗುವ ಲಾರಿಗಳ ಗಾಳಿ ಮೊದಲು ತಳ್ಳಿ ಆಮೇಲೆ ಎಳೆಯುವುದನ್ನು ಗಮನಿಸಿದ್ದರು. ಅವರ ತಂಡ ಹಳೆಯ ವ್ಯಾನೊಂದಕ್ಕೆ ಅಲ್ಯೂಮಿನಿಯಂ ತಗಡಿನ ಚೌಕ ಕವಚ ಹೊದಿಸಿ ಓಡಿಸಿತು, ಆಮೇಲೆ ಒಂದೊಂದೇ ಅಂಚನ್ನು ದುಂಡಗೆ ಮಾಡುತ್ತ ಅಳೆಯಿತು. ಹಿಂದು ಮುಂದಿನ ಲಂಬ ಮೂಲೆಗಳನ್ನು ದುಂಡಗೆ ಮಾಡಿದ ಮಾತ್ರಕ್ಕೆ ಗಾಳಿಯ ತಡೆ ಶೇ. 40ರಷ್ಟು ಇಳಿಯಿತು, ಒಳಗಿನ ಜಾಗ ಕಡಿಮೆಯಾದದ್ದು ಶೇ. 1.3 ಮಾತ್ರ. ನಿಮ್ಮ ಹೊರೆಗೂ ಇದೇ ನ್ಯಾಯ ಅನ್ವಯಿಸುತ್ತದೆ. ಮುಂದಿನ ಸಾಲಿನಲ್ಲಿ ಎರಡು ಬಟ್ಟೆಬ್ಯಾಗುಗಳನ್ನು ಅಡ್ಡಲಾಗಿ ಮಲಗಿಸಿ ಅವುಗಳ ಮೇಲೆ ತಾಡಪಾಲನ್ನು ಎಳೆದು ಬಿಗಿದರೆ ದುಂಡನೆಯ ಮೂತಿ ತಾನಾಗಿಯೇ ಸಿದ್ಧವಾಗುತ್ತದೆ.

ಈಗ ತಾಡಪಾಲು. ಅದನ್ನು ಸಾಮಾನಿನ ಮೇಲೆ ಹೊದಿಸುವುದಲ್ಲ, ಮೊದಲು ಕ್ಯಾರಿಯರಿನ ಮೇಲೆ ಹಾಸಿ ಅದರ ಮೇಲೆ ಸಾಮಾನು ಜೋಡಿಸಬೇಕು. ಮುಂದಿನ ಅಂಚು ಸಾಮಾನಿನ ಅಡಿಯಲ್ಲಿ ಸಿಕ್ಕಿಕೊಂಡಿರುವುದರಿಂದ ಗಾಳಿಗೆ ಬೆರಳು ತೂರಿಸಲೂ ಸಂದು ಸಿಗುವುದಿಲ್ಲ. ಮಡಿಸುವಾಗ ಹಂಚು ಹೊದಿಸುವ ಕ್ರಮ ನೆನಪಿರಲಿ: ಮುಂದಿನಿಂದ ಬರುವ ಮಡಿಕೆ ಮೇಲೆ, ಹಿಂದಿನಿಂದ ಬರುವ ಮಡಿಕೆ ಅದರ ಕೆಳಗೆ. ತಿರುವುಮುರುವಾದರೆ ಗಾಳಿ, ಮಳೆ ಎರಡೂ ಒಳಗೆ ನುಗ್ಗುತ್ತವೆ. ಹೆಚ್ಚಾದ ಬಟ್ಟೆಯನ್ನು ಜೋತು ಬಿಡದೆ ಸುರುಳಿ ಸುತ್ತಿ ಹಗ್ಗದಡಿ ಸೇರಿಸಿ. ಕಡೆಗೆ ಇಡೀ ಹೊರೆಯ ಮೇಲೆ ರಬ್ಬರ್ ಬಲೆಯನ್ನೋ, ಗೇಣು ಗೇಣಿಗೆ ಅಡ್ಡ ಹಾಯುವ ಹಗ್ಗವನ್ನೋ ಬಿಗಿದರೆ ಬಡಿದುಕೊಳ್ಳಲು ತಾಡಪಾಲಿನಲ್ಲಿ ಸಡಿಲ ಭಾಗವೇ ಉಳಿಯುವುದಿಲ್ಲ. ಬಲೆ ಭಾರ ಹಿಡಿಯುವುದಕ್ಕಲ್ಲ, ತಾಡಪಾಲನ್ನು ಒತ್ತಿ ಹಿಡಿಯುವುದಕ್ಕೆ ಮಾತ್ರ. ಸಾಮಾನನ್ನು ಹಿಡಿಯಬೇಕಾದದ್ದು ಬೆಲ್ಟು, ಹಗ್ಗಗಳೇ.

ಬೆಲ್ಟಿನ ಬುರ್ರ್ ಸದ್ದಿಗೆ ಇರುವ ಉಪಾಯ ಇನ್ನೂ ಸುಲಭ. ಚಪ್ಪಟೆಯಾಗಿ, ಎರಡು ಆಧಾರಗಳ ನಡುವೆ ಏನನ್ನೂ ತಾಗದೆ ಎಳೆದ ಬೆಲ್ಟು ಗಾಳಿಯಲ್ಲಿ ಅದುರುತ್ತದೆ. ಅಂತಹ ಕಡೆಗಳಲ್ಲಿ ಬಿಗಿಯುವ ಮೊದಲು ಬೆಲ್ಟಿಗೆ ಒಂದೆರಡು ತಿರುವು ಹಾಕಿ ಬಿಗಿಯಿರಿ, ಅರ್ಧ ಮೀಟರಿಗೆ ಒಂದರಂತೆ ತಿರುವಿದ್ದರೆ ಸಾಕು. ಗಾಳಿ ಒಂದೇ ಬದಿಗೆ ಒಂದೇ ಕೋನದಲ್ಲಿ ಬಡಿಯದ ಕಾರಣ ಅದುರಾಟ ಏಳುವುದಿಲ್ಲ. ಬಿಗಿದ ಮೇಲೆ ಉಳಿದ ಬಾಲವನ್ನು ಗಂಟು ಹಾಕಿ ಸೇರಿಸಿಬಿಡಿ, ಇಡೀ ದಾರಿ ಬಾಗಿಲಿಗೆ ಬಡಿಯುತ್ತ ಬಣ್ಣ ಕಿತ್ತು ತರುವುದು ಆ ಬಾಲವೇ.

ಹಾಸಿಗೆಯ ಬಗ್ಗೆ ಬೇರೆಯೇ ಎಚ್ಚರಿಕೆ ಅಗತ್ಯ. ಹಗುರವಾದ, ಅಗಲವಾದ ವಸ್ತುವಿನ ಅಡಿಗೆ ಗಾಳಿ ಹೊಕ್ಕರೆ ಅದು ಮೇಲಕ್ಕೆತ್ತಿಕೊಳ್ಳುತ್ತದೆ, ಹಗ್ಗ ಎರಡು ಕಡೆ ಮಾತ್ರ ಇದ್ದರೆ ಮುಂದಿನ ಅಂಚು ಮಡಚಿಕೊಂಡು ಹಗ್ಗವನ್ನೇ ಹರಿಯುತ್ತದೆ. ಹಾಸಿಗೆಯನ್ನು ಹಾಸಿದಂತೆ ಇಡದೆ ಸುತ್ತಿ, ಉದ್ದುದ್ದಕ್ಕೆ, ಸಾಮಾನುಗಳ ನಡುವೆ ಇಡಿ. ಸುತ್ತಲಾಗದ ಹಾಸಿಗೆಯನ್ನು ಹೆದ್ದಾರಿಯಲ್ಲಿ ಚಾವಣಿಯ ಮೇಲೆ ಒಯ್ಯಬೇಡಿ. ಹೊರಟು ಹತ್ತಿಪ್ಪತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಎಲ್ಲ ಬಿಗಿತಗಳನ್ನೂ ಮತ್ತೆ ಎಳೆಯಿರಿ, ಬ್ಯಾಗುಗಳು ಅಮುಕಿಕೊಂಡು ಹಗ್ಗ ಸಡಿಲವಾಗುವುದು ಆ ಮೊದಲ ಹಂತದಲ್ಲಿಯೇ.

ಪ್ರಶ್ನೆ: ನಮ್ಮ ವಿದ್ಯುತ್ ಕಾರಿಗೆ ಚಾವಣಿಯ ಪೆಟ್ಟಿಗೆ ಹಾಕಿದಾಗ ರೇಂಜ್ ಅತಿಯಾಗಿ ಕುಸಿಯಿತು. ಸ್ನೇಹಿತರ ಪೆಟ್ರೋಲ್ ಕಾರಿಗೆ ಅಷ್ಟು ವ್ಯತ್ಯಾಸವಾಗಿಲ್ಲ. ಏಕೆ? (ಓದುಗರೊಬ್ಬರು, ಮಂಗಳೂರು)

ಉತ್ತರ: ಪೆಟ್ರೋಲ್ ಎಂಜಿನ್ ಸುಡುವ ಇಂಧನದ ಬಹುಪಾಲು ಬಿಸಿಯಾಗಿಯೇ ಹೋಗುತ್ತದೆ, ಗಾಳಿಯ ತಡೆ ಹೆಚ್ಚಿದರೂ ಒಟ್ಟು ವ್ಯಯದಲ್ಲಿ ಅದರ ಪಾಲು ಮರೆಯಾಗಿರುತ್ತದೆ. ವಿದ್ಯುತ್ ಮೋಟಾರಿನಲ್ಲಿ ಅಂತಹ ಪೋಲು ಕಡಿಮೆಯಾದ್ದರಿಂದ ಗಾಳಿಯ ಕಡೆಯಿಂದ ಬಂದ ಹೊರೆ ನೇರವಾಗಿ ಮೀಟರಿನಲ್ಲಿ ಕಾಣಿಸುತ್ತದೆ. ಒಂದೂವರೆ ಟನ್ ತೂಕದ ಸಾಧಾರಣ ಕಾರು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡುವಾಗ ಬೇಕಾಗುವ ಬಲದಲ್ಲಿ ಸುಮಾರು ಮೂರನೇ ಎರಡರಷ್ಟು ಗಾಳಿಗೇ ಹೋಗುತ್ತದೆ, ಉಳಿದದ್ದು ಟೈರುಗಳಿಗೆ. ಪೆಟ್ಟಿಗೆಯಿಂದ ಗಾಳಿಯ ತಡೆ ಶೇ. 30 ಹೆಚ್ಚಿದರೆ ಒಟ್ಟು ಬಳಕೆ ಶೇ. 20ರಷ್ಟು ಏರುತ್ತದೆ, 250 ಕಿ.ಮೀ. ಓಡುತ್ತಿದ್ದ ಕಾರು 210ರ ಒಳಗೆ ನಿಲ್ಲುತ್ತದೆ.

ಇದೇ ಲೆಕ್ಕವನ್ನು ಇನ್ನೊಂದು ರೀತಿಯಲ್ಲಿ ನೋಡಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರಿಳಿಯುವುದರಿಂದ 100ರಿಂದ 80ಕ್ಕೆ ಇಳಿದರೆ ಅದು ಶೇ. 36ರಷ್ಟು ಕಡಿಮೆಯಾಗುತ್ತದೆ. ಅಂದರೆ ಪೆಟ್ಟಿಗೆ ಹೊತ್ತು 80ರಲ್ಲಿ ಓಡುವ ಕಾರು, ಪೆಟ್ಟಿಗೆಯಿಲ್ಲದೆ 100ರಲ್ಲಿ ಓಡುವ ಅದೇ ಕಾರಿಗಿಂತ ಪ್ರತಿ ಕಿಲೋಮೀಟರಿಗೆ ಕಡಿಮೆ ವಿದ್ಯುತ್ ಬಳಸುತ್ತದೆ. ನೀವು ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಹತ್ತುವಾಗ ವೇಗ ಹೇಗೂ ಕಡಿಮೆಯಿರುತ್ತದೆ, ಅಲ್ಲಿ ಪೆಟ್ಟಿಗೆಯ ಆಕಾರ ಲೆಕ್ಕಕ್ಕೇ ಬರುವುದಿಲ್ಲ, ತೂಕ ಮಾತ್ರ ಬರುತ್ತದೆ. ತೂಕವನ್ನು ಹತ್ತಿಸಲು ಖರ್ಚಾದ ಶಕ್ತಿಯ ಒಂದು ಪಾಲು ಇಳಿಯುವಾಗ ಬ್ಯಾಟರಿಗೆ ಮರಳುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100ರ ಮಿತಿಗೆ ತಾಗಿಸಿ ಓಡಿಸುವಾಗ ಗಾಳಿಗೆ ಕೊಟ್ಟದ್ದು ಮಾತ್ರ ಮರಳುವುದಿಲ್ಲ.

ಪ್ರಶ್ನೆ: ಜರ್ಮನಿಯಲ್ಲಿರುವ ನಾವು ರಜೆಯ ಪ್ರವಾಸಕ್ಕೆಂದು ಚಾವಣಿಯ ಪೆಟ್ಟಿಗೆ ಕೊಳ್ಳಬೇಕೆಂದಿದ್ದೇವೆ. ಅಗಲವಾದ ಗಿಡ್ಡ ಪೆಟ್ಟಿಗೆಯೋ, ಕಿರಿದಾದ ಉದ್ದ ಪೆಟ್ಟಿಗೆಯೋ? ಎಲ್ಲಿ ಕೂರಿಸಬೇಕು? (ಓದುಗರೊಬ್ಬರು, ಸ್ಟುಟ್‌ಗಾರ್ಟ್)

ಉತ್ತರ: ಎತ್ತರ ಒಂದೇ ಆಗಿದ್ದರೆ ಕಿರಿದಾದ ಉದ್ದ ಪೆಟ್ಟಿಗೆಯೇ ಮೇಲು. ಮೂತಿ ವಿಂಡ್‌ಶೀಲ್ಡಿನ ಮೇಲಂಚನ್ನು ದಾಟಿ ಮುಂದೆ ಚಾಚದಿರಲಿ, ಗಾಜನ್ನು ಹತ್ತಿ ಬರುವ ಗಾಳಿ ಪೆಟ್ಟಿಗೆಯ ಹೊಟ್ಟೆಗೆ ಬಡಿದರೆ ಸದ್ದೂ ತಡೆಯೂ ಎರಡೂ ಏರುತ್ತವೆ. ಹಿಂಬಾಗಿಲು ಪೂರ್ತಿ ತೆರೆದಾಗ ತಾಗದಷ್ಟರ ಮಟ್ಟಿಗೆ ಹಿಂದಕ್ಕೆ ಸರಿಸಿ ಕೂರಿಸಿ. ಅಡ್ಡಕಂಬಿಗಳು ರೆಕ್ಕೆಯಾಕಾರದವಾಗಿರಲಿ, ಅವುಗಳ ಮೇಲಿನ ತೋಡು ಬರಿದಾಗಿ ಬಿಟ್ಟರೆ ಸಿಳ್ಳೆ ಹೊಡೆಯುತ್ತದೆ, ಜೊತೆಗೆ ಬಂದ ರಬ್ಬರ್ ಪಟ್ಟಿಯನ್ನು ಅಳತೆಗೆ ಕತ್ತರಿಸಿ ತುಂಬಿ. ಸದ್ದು ಎಲ್ಲಿಂದ ಬರುತ್ತಿದೆ ಎಂದು ತಿಳಿಯದಿದ್ದರೆ ಬಣ್ಣ ಬಳಿಯುವವರು ಬಳಸುವ ಕಾಗದದ ಟೇಪಿನಿಂದ ಒಂದೊಂದೇ ಸಂದನ್ನು ಮುಚ್ಚಿ ಅದೇ ವೇಗದಲ್ಲಿ ಓಡಿಸಿ ನೋಡಬಹುದು.

ಆಟೊಬಾನಿನಲ್ಲಿ ಶಿಫಾರಸು ಮಾಡಿದ ವೇಗ 130 ಆದರೂ ಪೆಟ್ಟಿಗೆಯಿದ್ದಾಗ 110ರ ಆಸುಪಾಸಿನಲ್ಲಿ ಓಡಿಸುವುದು ಒಳ್ಳೆಯದು. ಗಾಳಿಯ ಸದ್ದಿನ ಶಕ್ತಿ ವೇಗದ ಹೆಚ್ಚುಕಡಿಮೆ ಆರನೇ ಘಾತಕ್ಕೆ ತಕ್ಕಂತೆ ಏರುವುದರಿಂದ ಅಷ್ಟು ಇಳಿಸಿದರೆ ಸದ್ದು ಸುಮಾರು 4 ಡೆಸಿಬೆಲ್ ತಗ್ಗುತ್ತದೆ. ಯಾವ ಬಿಡಿಭಾಗ ಕೊಂಡರೂ ಇಷ್ಟು ಖಚಿತವಾದ ಫಲ ಸಿಗುವುದು ಕಷ್ಟ. ನಿಮ್ಮ ಕಾರಿಗೆ ಹಿಂದೆ ಟ್ರೇಲರ್ ಕೊಂಡಿ ಇದ್ದರೆ ಅದಕ್ಕೆ ಸಿಕ್ಕಿಸುವ ಪೆಟ್ಟಿಗೆಯನ್ನೂ ಪರಿಶೀಲಿಸಿ. ಅಮೆರಿಕ ಸರ್ಕಾರದ ಇಂಧನ ಮಾಹಿತಿಯ ಪ್ರಕಾರ ಚಾವಣಿಯ ದೊಡ್ಡ ಮೊಂಡು ಪೆಟ್ಟಿಗೆ ಹೆದ್ದಾರಿಯಲ್ಲಿ ಮೈಲೇಜನ್ನು ಶೇ. 6ರಿಂದ 17ರಷ್ಟು, ಗಂಟೆಗೆ 105ರಿಂದ 120 ಕಿ.ಮೀ. ವೇಗದಲ್ಲಿ ಶೇ. 10ರಿಂದ 25ರಷ್ಟು ಇಳಿಸುತ್ತದೆ. ಹಿಂಬದಿಯ ಪೆಟ್ಟಿಗೆಯಿಂದ ಹೆದ್ದಾರಿಯಲ್ಲಿ ಇಳಿಯುವುದು ಶೇ. 1ರಿಂದ 5 ಮಾತ್ರ. ಭಾರತದಲ್ಲಿ ಈ ಕೊಂಡಿ ಅಪರೂಪವಾದ್ದರಿಂದ ಉಳಿದ ಓದುಗರಿಗೆ ಈ ಸಲಹೆ ಕೊಡಲಾಗಲಿಲ್ಲ.

ಪ್ರಶ್ನೆ: ನಲ್ಲಿ ಕೆಲಸದ ಗುತ್ತಿಗೆದಾರ ನಾನು. ವ್ಯಾನಿನ ಮೇಲೆ ಪಿವಿಸಿ ಪೈಪು, ಏಣಿ ಒಯ್ಯುವಾಗ ವಿಪರೀತ ಸಿಳ್ಳೆ ಸದ್ದು ಬರುತ್ತದೆ. (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಪೈಪುಗಳನ್ನು ಬಿಡಿಬಿಡಿಯಾಗಿ ಹರಡದೆ ಒಂದೇ ಕಟ್ಟಾಗಿ ಬಿಗಿದು, ಮುಂದಿನ ತುದಿಗಳಿಗೆ ಗೋಣಿಚೀಲ ತೊಡಿಸಿ ಕುತ್ತಿಗೆಗೆ ಹಗ್ಗ ಬಿಗಿಯಿರಿ. ತೆರೆದ ಬಾಯಿಗಳ ಮೇಲೆ ಗಾಳಿ ಹಾಯದಿದ್ದರೆ ಸಿಳ್ಳೆ ಹುಟ್ಟುವುದಿಲ್ಲ. ಏಣಿಯನ್ನು ನಿಲ್ಲಿಸದೆ ಮಲಗಿಸಿ ಕಟ್ಟಿ. ಅದರ ಮೆಟ್ಟಿಲುಗಳು ಗಾಳಿಗೆ ಅಡ್ಡಲಾಗಿಯೇ ಇರುವುದರಿಂದ, ಪೈಪಿನ ಕಟ್ಟನ್ನು ಏಣಿಯ ಮೇಲೆ ನಡುಭಾಗದಲ್ಲಿ ಇಟ್ಟು ಎರಡನ್ನೂ ಸೇರಿಸಿ ಬಿಗಿದರೆ ಮೆಟ್ಟಿಲುಗಳ ಗುಂಯ್ ಸದ್ದೂ ತಗ್ಗುತ್ತದೆ. ಮುಂದಿನ ತುದಿಯಿಂದ ಮುಂಬಂಪರಿನ ಕೊಂಡಿಗೆ ಒಂದು ಹಗ್ಗ ಇಳಿಬಿಡಿ, ಗಾಳಿಗೆ ಆ ತುದಿ ಮೇಲೇಳುವುದನ್ನು ಅದು ತಡೆಯುತ್ತದೆ. ಬ್ರೇಕ್ ಹಾಕಿದಾಗ ಕಟ್ಟು ಮುಂದಕ್ಕೆ ಜಾರದಿರಲು ಹಿಂದಿನ ತುದಿಯಿಂದಲೂ ಹಿಂಬಂಪರಿಗೆ ಒಂದು ಹಗ್ಗ ಬಿಗಿಯಿರಿ. ಮುಂದೆ ಹಗ್ಗದ ಬದಲು ಚಪ್ಪಟೆ ಬೆಲ್ಟು ಬಳಸಿದರೆ ಅದಕ್ಕೂ ಒಂದೆರಡು ತಿರುವು ಹಾಕಿ, ಇಲ್ಲದಿದ್ದರೆ ವಿಂಡ್‌ಶೀಲ್ಡಿನ ಎದುರೇ ಅದು ಬುರ್ರ್ ಎನ್ನಲು ತೊಡಗುತ್ತದೆ.